ನಾಲ್ಕನೇ ಪಾಠದ ಹನ್ನೊಂದನೇ ನಿಮಿಷ

ಫೆಬ್ರವರಿ 11, ಮಂಗಳವಾರ. ಕೊಟ್ಟಾಯಂ.

ಎರಡು ತಿಂಗಳಿಂದ ಒಂದೇ ತಲೆನೋವು: ನರ್ಸುಗಳಿಗೆಂದು ಮಾಡಿದ ನನ್ನ ಆನ್‌ಲೈನ್ ಜರ್ಮನ್ ಕೋರ್ಸನ್ನು ಅರ್ಧಕ್ಕರ್ಧ ಜನ ನಾಲ್ಕನೇ ಪಾಠದಲ್ಲೇ ಬಿಟ್ಟುಹೋಗುತ್ತಾರೆ. ಅಭಿಪ್ರಾಯ ಕೇಳಿದರೆ ಎಲ್ಲರದೂ ಐದು ನಕ್ಷತ್ರ, "ಟೀಚರ್ ಸೂಪರ್!" ಪಾಠ ಕಷ್ಟವಾಯಿತೇನೋ ಎಂದು ಎರಡು ಸಲ ತಿದ್ದಿದೆ. ಏನೂ ಆಗಲಿಲ್ಲ.

ವಿಡಿಯೊ ಜೋಡಿಸಿಕೊಡುವ ಟಿಂಟು ನಿನ್ನೆ ಬೈದಳು. "ಅಲ್ಲ ಅಕ್ಕಾ, ಅಭಿಪ್ರಾಯದ ಫಾರ್ಮಲ್ಲಿ ಹೆಸರು ಬರೀರಿ ಅಂದ್ರೆ ಟೀಚರ್ ಮೇಲೆ ಯಾರು ದೂರು ಹೇಳ್ತಾರೆ? ಆ ಹೆಸರಿನ ಜಾಗ ತೆಗೀರಿ ಮೊದಲು."

ತೆಗೆದೆ. ಪಾಠ ಎಲ್ಲಿ ಬಿಟ್ಟಿರಿ, ಯಾಕೆ ಎಂದು ಎಲ್ಲರನ್ನೂ ಮತ್ತೆ ಕೇಳಿದೆ. ಇವತ್ತು ಸಂಜೆಯೊಳಗೆ ಮೂವತ್ತೆಂಟು ಉತ್ತರ. ಇಪ್ಪತ್ತಾರು ಜನ ಒಂದೇ ಜಾಗ ತೋರಿಸಿದ್ದಾರೆ: ಹನ್ನೊಂದನೇ ನಿಮಿಷ. ಅಲ್ಲಿರುವುದು ಪಾಠವಲ್ಲ, ನನ್ನ ನಗು. ರೆಕಾರ್ಡ್ ಮಾಡಿದ ಆ ತರಗತಿಯಲ್ಲಿ ಒಬ್ಬ ಹುಡುಗಿ ತ್ರಿಶೂರಿನ ರಾಗ ಎಳೆದು ಜರ್ಮನ್ ಓದುತ್ತಾಳೆ. ನಾನು ಅವಳ ಹಾಗೇ ಎಳೆದು ಅಣಕಿಸಿ ಬಿದ್ದು ಬಿದ್ದು ನಗುತ್ತೇನೆ. ತ್ರಿಶೂರಿನವರ ಮಾತಿನ ಧಾಟಿಯನ್ನು ಇಲ್ಲಿ ಕೇರಳದಲ್ಲಿ ಯಾರು ಅಣಕಿಸುವುದಿಲ್ಲ? ತಮಾಷೆಯಾಗಿದೆ, ಇರಲಿ ಎಂದು ಉಳಿಸಿಕೊಂಡವಳೂ ನಾನೇ.

"ಅದನ್ನ ನೋಡಿದ ಮೇಲೆ ಬಾಯಿ ಬಿಡೋಕೇ ಭಯ ಆಯ್ತು" ಎಂದು ಒಬ್ಬಳು. ಕೊನೆಯ ಉತ್ತರ: "ಟೀಚರೇ, ಅದು ನನ್ನ ದನಿ. ವಾರ್ಡಲ್ಲಿ ಎಲ್ಲರೂ ಈಗ ನಿಮ್ಮ ಥರಾನೇ ನನ್ನ ಅಣಕಿಸ್ತಾರೆ. ನಾನು ಪರೀಕ್ಷೆಗೆ ಕೂರಲ್ಲ."

ಹೆಸರಿಲ್ಲದಿದ್ದರೂ ಗೊತ್ತು, ಬರೆದವಳು ಲಿಸ್ಮಿ. ಹೆಸರಿದ್ದ ಹಳೆಯ ಅಭಿಪ್ರಾಯಗಳಲ್ಲಿ ಅವಳದನ್ನು ಹುಡುಕಿದೆ. ಐದು ನಕ್ಷತ್ರ. ಕೆಳಗೆ ಒಂದು ಸಾಲು: "ನಾವು ತಪ್ಪಿದ್ರೂ ಟೀಚರ್ ನಗುನಗ್ತಾ ತಿದ್ತಾರೆ."