ಕರೆದರೆ ಬರಬೇಡ

ಬದಿಯಡ್ಕ
2 ಜೂನ್ 2015, ಮಂಗಳವಾರ ಬೆಳಿಗ್ಗೆ

ಪ್ರಿಯ ಈಶ್ವರಪ್ರಸಾದ,

ನೀನೂ ಮನೆಯವರೂ ಸೌಖ್ಯವೆಂದು ನಂಬುತ್ತೇನೆ. ಎರಡು ವರ್ಷದ ಹಿಂದೆ ಬರೆಯಬೇಕಾಗಿದ್ದ ಕಾಗದವನ್ನು ಈಗ ಬರೆಯುತ್ತಿದ್ದೇನೆ, ಕ್ಷಮಿಸು. ನಿನ್ನೆಯಿಂದ ಇಪ್ಪತ್ತಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿರಲು ನಿನಗೆ ಕಾರಣ ಉಂಟು, ಅದಕ್ಕೆ ನನ್ನ ತಕರಾರಿಲ್ಲ. ಇದನ್ನು ಜೀಪಿನ ಶ್ಯಾಮನ ಕೈಯಲ್ಲಿ ಎಡನೀರಿಗೆ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಅಂಗಳ ಬಿಟ್ಟು ಕದಲಬೇಡ ಎಂದು ಅವನಿಗೆ ಹೇಳಿದ್ದೇನೆ. ಬೈದರೂ ಅವನು ಹೋಗಲಾರ.

ನನ್ನ ಮಗಳು ಮೆರ್ಲಿನ್ ಕಾಡಿನಿಂದ ಹೊರಗೆ ಬಂದಿಲ್ಲ.

ಶುಕ್ರವಾರ, ಕಾಡಿನಲ್ಲಿ ಬದುಕುವುದನ್ನು ಕಲಿಸುವ ನಮ್ಮ ಶಿಬಿರದ ಕೊನೆಯ ಪರೀಕ್ಷೆ ಸುರುವಾಯಿತು. ನೀನೇ ಕಟ್ಟಿದ ಪಾಠ: ಒಂದು ಕತ್ತಿ, ಒಂದು ಹಿಡಿ ಉಪ್ಪು, ಕಾಡಿನಲ್ಲಿ ಎರಡು ರಾತ್ರಿ ಒಬ್ಬರೇ. ಈ ಸಲ ಅವಳೂ ಕೂತಳು. “ಪಪ್ಪಾ, ನಾಳೆ ನಾನು ಕಲಿಸ್ಲಿಕ್ಕೆ ನಿಂತ್ರೆ, ನೀನು ಎಷ್ಟು ರಾತ್ರಿ ಕೂತಿದ್ದಿ ಅಂತ ಜನ ಕೇಳ್ತಾರೆ” ಎಂದಳು. ಹನ್ನೆರಡು ಮಂದಿ ಒಳಗೆ ಹೋದರು. ಭಾನುವಾರ ಹೊರಗೆ ಬಂದ ತಲೆ ಹನ್ನೊಂದು.

ನಿನ್ನೆ ಅರುವತ್ತು ಜನ ಹುಡುಕಿದರು. ಫಾರೆಸ್ಟಿನವರು, ಪೊಲೀಸರು, ಪುತ್ತಿಗೆಯಿಂದ ಜೀಪು ಮಾಡಿಕೊಂಡು ಬಂದವರು. ನೀರಿನ ತೋಡಿನ ಬದಿಯಲ್ಲಿ ಅವಳ ಒಂದು ಹೆಜ್ಜೆ ಸಿಕ್ಕಿತು, ಮುಂದೆ ಏನೂ ಇಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲಿಡುವುದು, ಬಗ್ಗಿದ ಹುಲ್ಲನ್ನು ಎತ್ತಿ ನಿಲ್ಲಿಸುವುದು, ಎಲ್ಲ ನೀನು ಕಲಿಸಿದ್ದು. ಫಾರೆಸ್ಟಿನ ಹರಿನಾರಾಯಣ ಬೆವರು ಒರೆಸಿಕೊಂಡು ಕೇಳಿದರು: “ನೀವು ಕಲಿಸಿದ್ದು ಬದುಕ್ಲಿಕ್ಕೋ, ಮಾಯ ಆಗ್ಲಿಕ್ಕೋ?”

ನೀನು ಕಲಿಸಿದ್ದರ ಮೇಲೆ ನಾನು ಸ್ವಂತ ಸೇರಿಸಿದ್ದೂ ಒಂದುಂಟು. ನಿನಗೆ ಗೊತ್ತಿರುವಂಥದ್ದೇ. ಎರಡನೆಯ ದಿನ ನಾನು ಕಾಡಿನ ಅಂಚಿನಲ್ಲಿ ನಡೆದು ಒಬ್ಬೊಬ್ಬರ ಹೆಸರು ಕೂಗುತ್ತೇನೆ: “ಶಿಬಿರ ಮುಗಿಯಿತು, ಬಾ.” ನಂಬಿ ಬಂದವರು ಫೇಲು. ಕರಪತ್ರದಲ್ಲಿ ‘ಉನ್ನತ ತರಬೇತಿ’ ಎಂದು ಅಚ್ಚು ಹಾಕಿಸಿದ ಮೇಲೆ ಏನಾದರೂ ಉನ್ನತವಾದದ್ದು ಬೇಕಲ್ಲ! ಎರಡು ವರ್ಷದ ಹಿಂದೆ, ನಾನು ಇದನ್ನು ಸುರು ಮಾಡಿದ ದಿನ, ಅಡುಗೆ ಚಪ್ಪರದ ಕೆಳಗೆ ನೀನು ಮೆಲ್ಲಗೆ ಹೇಳಿದೆ: “ಕರೆಯುವವನ ಸ್ವರ ನಂಬಬೇಡ ಅಂತ ಮಾತ್ರ ಕಲಿಸ್ಬೇಡ ಮಾರಾಯ. ಕಾಡಲ್ಲಿ ಇರುವ ಹಗ್ಗ ಅದೊಂದೇ.” ನಾನು ಎಲ್ಲರೆದುರು, “ಭಟ್ರಿಗೆ ಹೆದರಿಕೆ ಆಯ್ತು, ಮನೆಗೆ ಹೋಗಿ ಗಂಟೆ ಬಾರಿಸ್ಲಿ” ಎಂದೆ. ಎಲ್ಲರೂ ನಕ್ಕರು. ನೀನು ಬಸ್ಸಿಗೂ ಕಾಯದೆ ನಡೆದುಕೊಂಡೇ ಹೋದೆ.

ನಿನ್ನೆ ಮೈಕ್ ಹಿಡಿದು ಕರೆದೆ. ಅವಳ ಮಮ್ಮಿ ಕಾರ್ಮಿನ್ ತನ್ನ ಸ್ವರ ಬಿದ್ದುಹೋಗುವವರೆಗೆ ಕರೆದಳು. ಮಗಳು ಎಲ್ಲಾದರೂ ಬಿದ್ದಿದ್ದಾಳೋ, ಅಡಗಿದ್ದಾಳೋ ತಿಳಿಯದು. ಅಡಗಿದ್ದರೆ ನಾವು ಕೂಗಿದಷ್ಟೂ ಒಳಗೆ ಹೋಗುತ್ತಾಳೆ. ಪಡುವಣ ಕಪ್ಪಾಗಿದೆ. ಮಳೆ ಹಿಡಿದರೆ ಇರುವ ಒಂದು ಹೆಜ್ಜೆಯೂ ಉಳಿಯದು. ಅವಳ ಜಾಡು ಓದಬಲ್ಲವನು ನೀನೊಬ್ಬನೇ. ನನ್ನ ಮುಖ ನೋಡಬೇಡ, ಮಾತಾಡಬೇಡ, ನೆಲ ನೋಡಿ ಹೋಗು. ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು.

ಪ್ರೇಮಾವತಿ ಅಮ್ಮನಿಗೆ ನಮಸ್ಕಾರ. ನಿನ್ನ ಮಗಳು ಶ್ರೀರಂಜಿನಿಯನ್ನು ದೇವರು ಕಾಯಲಿ. ಅಪ್ಪ ಕರೆದರೆ ಓಡಿ ಬರುವ ಹುಡುಗಿಯಾಗಿಯೇ ಅವಳು ಬೆಳೆಯಲಿ.

ನಿನ್ನ
ರೇಮಂಡ್

ತಾ.ಕ.: ಕಾರ್ಮಿನ್‌ಗೆ ಇದು ಗೊತ್ತಿಲ್ಲ. ಶನಿವಾರ ಸಂಜೆ ಮೆರ್ಲಿನ್ ಇದ್ದ ಕಡೆಗೆ ನಾನೊಬ್ಬನೇ ಹೋದೆ. ಶಿಬಿರ ಮುಗಿಯಿತು ಎಂದರೆ ಅವಳು ಬರುವವಳಲ್ಲ. ಅದಕ್ಕೆ, ಮಮ್ಮಿ ಬಿದ್ದಿದ್ದಾಳೆ, ಮಾತಾಡುವುದಿಲ್ಲ ಎಂದು ಅಳುತ್ತಾ ಕೂಗಿದೆ. ಬರಿಗಾಲಲ್ಲಿ ಓಡಿ ಬಂದಳು, ಮೊಣಕಾಲೆಲ್ಲ ರಕ್ತ. ನಾನು ನಕ್ಕೆ. “ಫೇಲು, ಇನ್ನೊಂದು ರಾತ್ರಿ ಕೂತು ಬಾ” ಎಂದೆ. ತಿರುಗಿ ಕಾಡಿನೊಳಗೆ ಹೋದಳು. ಆ ಇನ್ನೊಂದು ರಾತ್ರಿ ಮುಗಿಸಿ ಬರುತ್ತಾಳೆ ಎಂದು ಭಾನುವಾರ ನಾನು ಹುಡುಕದೆ ಕೂತೆ. ನಿನ್ನೆ ನಿಜವಾಗಿ ಅತ್ತಾಗಲೂ ನನಗೆ ಅದೇ ಸ್ವರ ಬಂತು, ಈಶ್ವರ. ಬೇರೆ ಸ್ವರ ನನ್ನಲ್ಲಿಲ್ಲ. ನೀನು ಬಂದು ಕರೆ.