ಮಾರ್ಗದರ್ಶಿಗೆ ಹೇಳದ ಮಾತ್ರೆ

ಸೈಬರ್‌ಜಯಾ
೧೫ ಸೆಪ್ಟೆಂಬರ್ ೨೦೨೫

ಪ್ರೀತಿಯ ಆಲಿಶಾ,

ಮೆಲಾಕಾದಲ್ಲಿ ನಿನ್ನ ಆರೋಗ್ಯ ಹೇಗಿದೆ? ನಿದ್ದೆ ಬರುತ್ತಿದೆಯೇ? ಪಾಠ ಮುಗಿಸಿ ಬಂದ ಮೇಲೆ ಏನಾದರೂ ಬೇಯಿಸಿಕೊಳ್ಳುತ್ತೀಯೋ, ದಿನವೂ ಅಂಗಡಿಯಲ್ಲಿ ಕಟ್ಟಿಸಿ ತರುವ ತಪಾವ್ ಪೊಟ್ಟಣವೋ ಎಂದು ಮಮ್ಮಿ ಕೇಳುತ್ತಿದ್ದಾಳೆ. ಅವಳು ಡೀನ್‌ನ ಕಾರನ್ನು ಮಾರಲು ಬಿಡುತ್ತಿಲ್ಲ. ಪ್ರತಿ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಒಳಗೆ ಕುಳಿತು, ಆರಿಸಿ ಬರುತ್ತಾಳೆ.

ನಿನ್ನೆ ನಿನ್ನ ಅಣ್ಣ ಡೀನ್ ತೀರಿಕೊಂಡ ತಿಂಗಳಿನ ಬಲಿಪೂಜೆ. ನೀನು ಬರಲಿಲ್ಲ, ಆದ್ದರಿಂದ ಪೂಜೆಯ ಬಳಿಕ ನಾನು ಆಡಿದ್ದನ್ನು ನನ್ನಿಂದಲೇ ಕೇಳು. ಮನೆಯಲ್ಲಿ ಸೇರಿದ್ದ ಎಲ್ಲರಿಗೂ ವಂದಿಸಿದೆ. ಅವರ ಸಾಂತ್ವನ ಬೇಡವೆಂದೂ ಹೇಳಿದೆ. ಡೀನ್ ಪೆರು ದೇಶದ, ದರ್ಶನ ಕಾಣಿಸುತ್ತದೆನ್ನುವ ಆ ಮೂಲಿಕೆ ಕಷಾಯ ಕುಡಿಯಲು ಅನುಭವಿ ಮಾರ್ಗದರ್ಶಿಯ ಬಳಿಗೇ ಹೋಗಿದ್ದ, ಆದರೂ ಸತ್ತ, ಹಾಗಾಗಿ ಇದು ದೇವರ ಇಚ್ಛೆ: ಇದು ಅವರ ವಾದ. ಜೊತೆಗೆ ಹೋಗಿದ್ದ ಬ್ರಾಯನ್ ನನ್ನ ಕೈ ಹಿಡಿದು, "ಗೈಡ್ ತುಂಬಾ ಎಕ್ಸ್‌ಪೀರಿಯೆನ್ಸ್ಡ್ ಅಂಕಲ್, ನಾವೇನ್ ಮಾಡೋಕಾಗುತ್ತೆ ಲಾ?" ಎಂದ. ಆ ಮಾರ್ಗದರ್ಶಿ ಏನನ್ನೂ ವಿಚಾರಿಸಲಿಲ್ಲವೇ ಎಂದು ಕೇಳಿದೆ. ವಿಚಾರಿಸಿದ್ದನಂತೆ. ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿ, ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದ್ದನಂತೆ. ಪಕ್ಕದಲ್ಲಿ ಕುಳಿತಿದ್ದವನು ಇದೇ ಬ್ರಾಯನ್; ಅವನ ತಂಗಿಯೊಡನೆ ಡೀನ್‌ಗೆ ಮದುವೆಯ ಮಾತು ನಡೆದಿತ್ತು. ನಿನ್ನ ಅಣ್ಣ ಅವನೆದುರು ನಕ್ಕು, "ವಿಟಮಿನ್ ಅಷ್ಟೇ" ಎಂದನಂತೆ. ಅವನು ಖಿನ್ನತೆಗೆ ಮಾತ್ರೆ ನುಂಗುತ್ತಿದ್ದನೆಂದು, ಆ ಮಾತ್ರೆಯೂ ಆ ಕಷಾಯವೂ ಒಂದೇ ದೇಹದಲ್ಲಿ ಸೇರಬಾರದಿತ್ತೆಂದು ನಾನು ನಿನ್ನೆ ಎಲ್ಲರೆದುರು ಹೇಳಿದೆ. ಅನಂತರ ಯಾರೂ ಊಟಕ್ಕೆ ಕೈ ಹಾಕಲಿಲ್ಲ.

ಈಗ ನಿನ್ನ ವಿಷಯ. ಅಣ್ಣ ಕೊನೆಗೆ ಕಂಡದ್ದನ್ನು ನೀನೂ ಆ ಕಷಾಯ ಕುಡಿದು ಕಾಣಬೇಕೆನ್ನುತ್ತೀ. ಅನುಭವಿ ಮಾರ್ಗದರ್ಶಿಯನ್ನೇ ಹುಡುಕಿದ್ದೇನೆ, ಭಯ ಬೇಡ ಎನ್ನುತ್ತೀ. ಅಂಥವನು ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು, ಉಸಿರು ಕಟ್ಟಿದರೆ ಏನು ಮಾಡಬೇಕು ಎಂಬುದು ಅವನಿಗೆ ತಿಳಿದಿರುತ್ತದೆ. ಆದರೆ ಅವನಿಗೆ ಗೊತ್ತಿರುವುದು ಗಿಡ. ನಿನ್ನ ಬಗ್ಗೆ ನೀನು ಹೇಳಿದಷ್ಟೇ ಗೊತ್ತು. ನೀನೂ ಅದೇ ಬಗೆಯ ಮಾತ್ರೆ ನುಂಗುತ್ತೀ. ಮಮ್ಮಿಗೆ ತಿಳಿಸಬೇಡಿ ಎಂದು ನನ್ನೊಬ್ಬನಿಗೆ ಹೇಳಿದ್ದೀ. ಮಾತ್ರೆ ನಾಲ್ಕು ದಿನ ಬಿಟ್ಟರೆ ಸಾಕು, ಅಲ್ಲಿ ಹೇಳಿದರೆ ಸೇರಿಸುವುದಿಲ್ಲ ಎಂದೂ ಹೇಳಿದ್ದೀ. ಸಾಲದು, ಆಲಿಶಾ, ವೈದ್ಯರನ್ನು ಕೇಳದೆ ಬಿಡುವುದೂ ಅಪಾಯ. ಫೋನಿನಲ್ಲಿ ನಾನು ಇದನ್ನೇ ಹೇಳಹೊರಟರೆ ನೀನು, "ಡ್ಯಾಡಿ, ಇದು ನಿಮ್ಮ ಕಾಲೇಜ್ ಡಿಬೇಟ್ ಅಲ್ಲ. ಬೆಲ್ ಹೊಡೆದಾಯ್ತು, ಕೂತ್ಕೊಳ್ಳಿ" ಎಂದೆ. ಕುಳಿತೆ. ವಾದದಿಂದ ನಿನ್ನನ್ನು ತಡೆಯಬಲ್ಲೆನೆಂಬ ಭರವಸೆ ನನಗೆ ಉಳಿದಿಲ್ಲ. ಈ ಪತ್ರದಿಂದಲೂ ನಿನ್ನ ಮನಸ್ಸು ಬದಲಾಗದು.

ದೇವರು ಕಾಯಲಿ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಮಮ್ಮಿಯ ಆಶೀರ್ವಾದ ತಿಳಿಸಿದ್ದೇನೆ.

ನಿನ್ನ ತಂದೆ,
ಅಲೆಕ್ಸ್

ವಿ.ಸೂ.: ನೀನು ಹೋಗಲಿರುವ ಕೇಂದ್ರಕ್ಕೆ ಇಂದು ನಾನೇ ಫೋನ್ ಮಾಡಿ ನಿನ್ನ ಮಾತ್ರೆಯ ಹೆಸರು ತಿಳಿಸಿದ್ದೇನೆ. ಕಷಾಯ ಕುಡಿಯಲು ನಿನ್ನನ್ನು ಕೂರಿಸುವುದಿಲ್ಲವೆಂದರು. ಮಮ್ಮಿಯನ್ನು ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಬೇರೆ ಕಡೆ ಹುಡುಕಿದರೆ ಅಲ್ಲಿಗೂ ಹೇಳುತ್ತೇನೆ. ಇನ್ನು ನೀನು ನನ್ನೊಡನೆ ಮಾತಾಡದಿದ್ದರೂ ಸರಿ.