ಝೌರಿಯ ಹೆಸರಿನ ಶೀಷೆ

ತ್ಬಿಲಿಸಿ, ಶುಕ್ರವಾರ

ಲಮಾರಾ ಅವರೇ,

ಯಾವ ಔಷಧಿಗೂ ಬಗ್ಗದೆ ನನ್ನ ಗಂಡ ಝೌರಿಯ ಮಿದುಳಿಗೆ ಇಳಿದಿದ್ದ ರೋಗಾಣುವನ್ನು ಕೊಲ್ಲುವ ವೈರಸ್ಸನ್ನು ನೀವು ನದಿಯ ಕೊಳಕು ನೀರಿನಿಂದ ಹುಡುಕಿ ತೆಗೆದಿರಿ. ಅವನು ಬದುಕಿದ. ಇಲ್ಲ ಅನ್ನುವುದಿಲ್ಲ.

ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೆಂಟರೆದುರು ಎದ್ದು ನಿಂತು, ದೇವರಿಗೆ, ನಾಡಿಗೆ ಆದಮೇಲೆ ಮೂರನೆಯ ವೈನ್ ಬಟ್ಟಲನ್ನು ನಿಮ್ಮ ಹೆಸರಿಗೆ ಎತ್ತಿದ. "ನನ್ನ ತಲೇಲಿ ಏನಿದೆ ಅಂತ ಲಮಾರಾ ಒಬ್ಬಳಿಗೇ ಗೊತ್ತು" ಅಂದ. "ಮೂವತ್ತು ವರ್ಷ ನೀನೇನ್ ಮಾಡ್ತಿದ್ದೆ ತ್ಸಿಯಾಲಾ?" ಅಂತ ನಾದಿನಿ ನನ್ನನ್ನು ನೋಡಿ ನಕ್ಕಳು. ನಾನು ರೊಟ್ಟಿ ಬಡಿಸುತ್ತಿದ್ದೆ.

ಮರುದಿನವೇ ನಿಮಗೆ ಫೋನ್ ಮಾಡಿ, ಅವನ ಹೆಸರು ಬರೆದಿಟ್ಟ, ಆ ವೈರಸ್ಸಿನ ಮದ್ದಿನ ಶೀಷೆಯನ್ನು ಎಸೆದುಬಿಡಿ ಅಂದೆ. ಅವನೇ ಹೇಳಿದ್ದಾನೆ ಅಂದದ್ದು ಸುಳ್ಳು. ನನ್ನ ಗಂಡನ ಹೆಸರು ನಿಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿರುವುದು ನನಗೆ ಬೇಕಿರಲಿಲ್ಲ.

ನಿನ್ನೆ ಮತ್ತೆ ಜ್ವರ ಬಂತು. ಕತ್ತು ಬಗ್ಗುತ್ತಿಲ್ಲ, ಮಾತಿಲ್ಲ. ಅದೇ ರೋಗಾಣು, ಅದೇ ಮದ್ದು ಬೇಕು ಅನ್ನುತ್ತಾರೆ ಡಾಕ್ಟರು.

ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ. ನಾದಿನಿಯ ಕೈಲಿ ಈ ಪತ್ರ, ಐಸ್ ಡಬ್ಬಿ ಕಳಿಸಿದ್ದೇನೆ. ನನ್ನ ಮಾತು ಕೇಳದೆ ಶೀಷೆ ಇಟ್ಟುಕೊಂಡಿದ್ದರೆ ನೀವೇ ತನ್ನಿ. ಕಣ್ಣು ಬಿಟ್ಟಾಗ ಅವನು ಮೊದಲು ನಿಮ್ಮ ಮುಖವನ್ನೇ ನೋಡಲಿ. ಕಣ್ಣು ಬಿಟ್ಟರೆ ಸಾಕು.

ಅವನ ಹೆಂಡತಿ,
ತ್ಸಿಯಾಲಾ